ಮುಂಜಾನೆ ಬೆರಳು ಮಡಚಲು ಬರುತ್ತಿಲ್ಲವೇ? ಬರೀ ವಾತ ಅಂತ ಬಿಡಬೇಡಿ

ಕಲಬುರಗಿ: ಆಳಂದ, ಅಫಜಲಪುರ, ಜೇವರ್ಗಿ ಕಡೆ ಸಂದು ಬ್ಯಾನಿ ಅಂದ್ರೆ ‘ವಾತ ಆಗೇದ’ ಇಲ್ಲವೇ ‘ಚಿಕೂನ್‌ಗುನ್ಯಾ ಬಂದಿತ್ತು, ಅದರದೇ ನೋವು’ ಅನ್ನೋದು ರೂಢಿ. 2006ರಲ್ಲಿ ಜಿಲ್ಲೆಯಲ್ಲಿ ಆ ಜ್ವರ ಹರಡಿದ್ದನ್ನು ಕಂಡವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಎರಡೂ ಕೈಗಳ ಬೆರಳು, ಮಣಿಕಟ್ಟು ಬಾತು, ಮುಂಜಾನೆ ಎದ್ದು ಅರ್ಧ ತಾಸಾದರೂ ಬಿಗಿತ ಬಿಡದೆ, ರೊಟ್ಟಿ ಬಡಿಯಲು ಕೈ ಬಾರದೆ ಆರು ವಾರ ಕಳೆದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು–ಮೂರು ಪಟ್ಟು ಹೆಚ್ಚು.

ಕೀಲಿನೊಳಗೆ ಏನಾಗುತ್ತದೆ?

ವಯಸ್ಸಾದಂತೆ ಮೊಣಕಾಲು ಸವೆಯುವುದೇ ಬೇರೆ, ಈ ರೋಗವೇ ಬೇರೆ. ಇಲ್ಲಿ ರೋಗಾಣುಗಳ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣಗಳೇ ಕೀಲಿನ ಒಳಪೊರೆಯನ್ನು ವೈರಿ ಅಂತ ತಿಳಿಯುತ್ತವೆ. ‘ಟಿ’ ಕಣಗಳು ದಾಳಿಗೆ ಹುರಿದುಂಬಿಸುತ್ತವೆ. ‘ಬಿ’ ಕಣಗಳಿಂದ ನಮ್ಮ ದೇಹದ ವಿರುದ್ಧವೇ ಪ್ರತಿಕಾಯಗಳು ತಯಾರಾಗುತ್ತವೆ. ಮ್ಯಾಕ್ರೋಫೇಜ್ ಎಂಬ ಕಣಗಳು ‘ಟಿಎನ್‌ಎಫ್’ ಎಂಬ ರಾಸಾಯನಿಕ ಬಿಟ್ಟು ಉರಿಯೂತ ಹೆಚ್ಚಿಸುತ್ತವೆ. ಒಳಪೊರೆ ದಪ್ಪವಾಗಿ ಬೆಳೆದು ಮೃದು ಎಲುಬನ್ನೂ ಗಟ್ಟಿ ಎಲುಬನ್ನೂ ತಿನ್ನುತ್ತದೆ. ಒಮ್ಮೆ ಸೊಟ್ಟಗಾದ ಬೆರಳು ಔಷಧಿಯಿಂದ ನೆಟ್ಟಗಾಗುವುದಿಲ್ಲ. ಬೀಡಿ, ಸಿಗರೇಟು ಸೇದುವವರಿಗೆ ಈ ರೋಗದ ಅಪಾಯ ಹೆಚ್ಚು.

ನೋವಿನ ಗುಳಿಗೆ ಸಾಕೇ?

ಸಾಲದು. ಅದು ನೋವನ್ನಷ್ಟೇ ತಗ್ಗಿಸುತ್ತದೆ, ಕಣಗಳ ದಾಳಿ ಒಳಗೊಳಗೇ ನಡೆದಿರುತ್ತದೆ. ಚೀಟಿ ಇಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಬರಬಹುದು. ಹೆಸರಿಲ್ಲದ ‘ವಾತದ ಪುಡಿ’ಯಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ತಕ್ಷಣ ಆರಾಮ ಅನ್ನಿಸುತ್ತದೆ, ಮುಂದೆ ಸಕ್ಕರೆ ಕಾಯಿಲೆ, ಎಲುಬು ಟೊಳ್ಳಾಗುವುದು ಶುರುವಾಗುತ್ತದೆ.

ದಾಳಿಯನ್ನೇ ತಡೆಯುವ ಔಷಧಿಗಳಲ್ಲಿ ಮೊದಲನೆಯದು ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಮ್ಮೆ ಮಾತ್ರ ತಗೋಬೇಕು. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಗರ್ಭಿಣಿಯರಿಗೆ ಇದು ಸಲ್ಲದು. ಔಷಧಿ ನಡೆದಿರುವಾಗ ರಕ್ತ ಮತ್ತು ಲಿವರ್ ಪರೀಕ್ಷೆ ಆಗಾಗ ಮಾಡಿಸಬೇಕು. ಮೆಡಿಕಲ್ ಅಂಗಡಿಯವರು ಗುಳಿಗೆ ಕೊಡುವಾಗ ಯಾವ ವಾರ ಅಂತ ಪೊಟ್ಟಣದ ಮೇಲೇ ಬರೆದುಕೊಟ್ಟರೆ ದೊಡ್ಡ ಉಪಕಾರ.

ಏನು ಮಾಡಬೇಕು?

ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ತೋರಿಸಿ. ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಇಎಸ್‌ಆರ್ ರಕ್ತ ಪರೀಕ್ಷೆ ಬೇಕೇ ಅಂತ ಕೇಳಿ. ಅಲ್ಲಿಂದ ಚೀಟಿ ಕೊಟ್ಟರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಹೋಗಲು ತಡ ಮಾಡಬೇಡಿ. ಶುರುವಿನ ತಿಂಗಳುಗಳಲ್ಲೇ ಚಿಕಿತ್ಸೆ ಸಿಕ್ಕರೆ ಬೆರಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು.