ನಿಮಗಿದು ಗೊತ್ತೆ? ಬೀಜವಿಲ್ಲದ ಕೆಂಪು ದ್ರಾಕ್ಷಿ ಹುಟ್ಟುವ ಬಗೆ

● ಬೀಜರಹಿತ ಕೆಂಪು ದ್ರಾಕ್ಷಿಗಳಲ್ಲಿ ಹೆಸರಾದ ‘ಫ್ಲೇಮ್ ಸೀಡ್‌ಲೆಸ್’ (1973) ಮತ್ತು ‘ಕ್ರಿಮ್ಸನ್ ಸೀಡ್‌ಲೆಸ್’ (1989) ತಳಿಗಳೆರಡೂ ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ, ಸರ್ಕಾರಿ ಕೃಷಿ ವಿಜ್ಞಾನಿಗಳ ಶ್ರಮದಿಂದ ರೂಪುಗೊಂಡವು.

● ದ್ರಾಕ್ಷಿಯ ಒಂದೇ ಹೂವಿನಲ್ಲಿ ಗಂಡು, ಹೆಣ್ಣು ಭಾಗಗಳೆರಡೂ ಇರುತ್ತವೆ. ಹಾಗಾಗಿ ಎರಡು ತಳಿಗಳನ್ನು ಬೆರೆಸುವಾಗ, ತನ್ನದೇ ಪರಾಗ ತಾಗದಂತೆ ತಾಯಿ ಗಿಡದ ಹೂ ಅರಳುವ ಮೊದಲೇ ಕೇಸರಗಳನ್ನು ಚಿಮಟದಿಂದ ಕಿತ್ತು, ಗೊಂಚಲಿಗೆ ಕಾಗದದ ಚೀಲ ತೊಡಿಸುತ್ತಾರೆ. ಬಳಿಕ ಆಯ್ದ ತಳಿಯ ಪರಾಗ ಸವರುತ್ತಾರೆ.

● ಬೀಜರಹಿತ ಎನ್ನುವ ಬಹುತೇಕ ದ್ರಾಕ್ಷಿಗಳಲ್ಲೂ ಭ್ರೂಣ ಮೂಡುತ್ತದೆ, ಆದರೆ ಅರ್ಧಕ್ಕೇ ಮುರುಟಿಹೋಗುತ್ತದೆ. ಅದಕ್ಕೇ ಹಿಂದೆ ಇಂಥ ತಳಿಗಳನ್ನು ಪರಾಗ ನೀಡುವ ತಂದೆಯಾಗಿ ಮಾತ್ರ ಬಳಸುತ್ತಿದ್ದರು. 1980ರ ದಶಕದಲ್ಲಿ ಫ್ರೆಸ್ನೊದ ವಿಜ್ಞಾನಿ ಡೇವಿಡ್ ರ‍್ಯಾಮಿಂಗ್ ಮತ್ತು ಸಂಗಡಿಗರು, ಎಳೆಯ ಭ್ರೂಣವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಪೋಷಕಾಂಶ ಉಣಿಸಿ ಸಸಿಯಾಗಿಸಿದರು. ಅಲ್ಲಿಂದ ಬೀಜರಹಿತ ತಳಿಗಳು ತಾಯಿಯೂ ಆಗತೊಡಗಿದವು.

● ಒಂದೇ ಗೊಂಚಲಿನ ಬೀಜಗಳಿಂದ ಹುಟ್ಟಿದರೂ ಒಂದು ಸಸಿಯಂತೆ ಇನ್ನೊಂದಿರದು. ಬಣ್ಣ, ಗಾತ್ರ, ಸಿಹಿ, ಗರಿಗರಿತನ, ತಾಳಿಕೆ ಎಲ್ಲವನ್ನೂ ವರ್ಷಗಟ್ಟಲೆ ಪರೀಕ್ಷಿಸಿ ಆರಿಸಬೇಕು. ಆಯ್ಕೆಯಾದ ಗಿಡವನ್ನು ಕಡ್ಡಿ ನೆಟ್ಟು ಇಲ್ಲವೇ ಕಸಿ ಕಟ್ಟಿ ಹೆಚ್ಚಿಸುತ್ತಾರೆ.

● ಸಿಪ್ಪೆಯ ಕೆಂಪಿಗೆ ಆಂಥೋಸಯನಿನ್ ಎಂಬ ವರ್ಣದ್ರವ್ಯ ಕಾರಣ. ಸೆಕೆ ಹೆಚ್ಚಾದರೆ ಬಣ್ಣ ಸರಿಯಾಗಿ ಕೂಡದು. ಬಿಸಿಲಲ್ಲೂ ಕೆಂಪೇರುವ ತಳಿಗಳಿಗೆ ಬೇಡಿಕೆ ಇರುವುದು ಇದರಿಂದಲೇ.

● ವಿಜಯಪುರದ ರೈತರು ಒಣದ್ರಾಕ್ಷಿಗಾಗಿ ಬೆಳೆಯುವ ಹಸಿರು ‘ಥಾಮ್ಸನ್ ಸೀಡ್‌ಲೆಸ್’, ಕೆಂಪು ‘ಫ್ಲೇಮ್’ನ ಪೂರ್ವಜರಲ್ಲಿ ಒಂದು!