ಲೈನರ್ ತೂತು ಬೀಳುವ ಮೊದಲೇ

ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತು ಇಳಿಯುವ ಟಿಪ್ಪರ್ ಬೇಸಿಗೆಯಲ್ಲಿ ಕಾದರೆ ಚಾಲಕನಿಗೆ ಕೂಡಲೇ ತಿಳಿಯುತ್ತದೆ. ಮೀಟರಿನ ಮುಳ್ಳು ಏರುತ್ತದೆ. ದೊಡ್ಡ ಡೀಸೆಲ್ ಎಂಜಿನ್ನನ್ನು ಒಳಗೊಳಗೇ ತಿನ್ನುವ ಇನ್ನೊಂದು ಕಾಯಿಲೆಯನ್ನು ಮಾತ್ರ ಆ ಮುಳ್ಳು ತೋರಿಸುವುದಿಲ್ಲ.

ಇಂಥ ಎಂಜಿನ್‌ಗಳಲ್ಲಿ ಬಹುಪಾಲಿಗೆ ವೆಟ್ ಲೈನರ್. ಪಿಸ್ಟನ್ ಓಡಾಡುವ ಲೋಹದ ಕೊಳವೆಯ ಹೊರಮೈಗೆ ಕೂಲೆಂಟ್ ನೇರವಾಗಿ ತಾಗುತ್ತಿರುತ್ತದೆ. ಪಿಸ್ಟನ್ ಪಕ್ಕಕ್ಕೆ ಬಡಿದಾಗಲೆಲ್ಲ ಲೈನರ್ ಅದುರುತ್ತದೆ. ಆ ಅದುರಿಗೆ ಕೂಲೆಂಟ್‌ನ ಒತ್ತಡ ಒಮ್ಮೆಲೇ ಕುಸಿದು ಸಣ್ಣ ಆವಿಗುಳ್ಳೆಗಳು ಏಳುತ್ತವೆ, ಮರುಕ್ಷಣ ಒಡೆದು ಲೋಹವನ್ನು ಕುಟ್ಟುತ್ತವೆ. ಕುಟ್ಟಿ ಕುಟ್ಟಿ ಲೈನರ್‌ನಲ್ಲಿ ಕುಳಿ ಬೀಳುತ್ತದೆ. ಕುಳಿ ಆರಪಾರಾದ ದಿನ ಕೂಲೆಂಟ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗ್‌ಗಳು ಸವೆಯುತ್ತವೆ. ಆಮೇಲೆ ಎಂಜಿನ್ ಇಳಿಸದೆ ಗತಿಯಿಲ್ಲ.

ಇದನ್ನು ತಡೆಯಲೆಂದೇ ಹಳೆಯ ಬಗೆಯ ಹೆವಿ ಡ್ಯೂಟಿ ಕೂಲೆಂಟ್‌ಗಳಲ್ಲಿ ನೈಟ್ರೈಟ್ ಇರುತ್ತದೆ, ಕೆಲವದರಲ್ಲಿ ಮಾಲಿಬ್ಡೇಟ್ ಕೂಡ. ಲೈನರ್ ಮೇಲೆ ತೆಳುವಾದ ಪದರ ಕಟ್ಟಿ ಏಟನ್ನು ತಾನೇ ತಿನ್ನುವುದು ಇದರ ಕೆಲಸ. ಓಡಿದಷ್ಟೂ ಅದು ಖರ್ಚಾಗುತ್ತದೆ. ದಾರಿಯಲ್ಲಿ ಬೋರ್‌ವೆಲ್ ನೀರು ಸುರಿದರಂತೂ ನೈಟ್ರೈಟ್ ತೆಳುವಾಗುವುದಲ್ಲದೆ ಗಡಸು ನೀರಿನ ಸುಣ್ಣ ಬ್ಲಾಕ್ ಒಳಗೆ ಪದರಗಟ್ಟುತ್ತದೆ. ಹಸಿರು ಬಣ್ಣ ಹಾಗೇ ಇದೆಯೆಂದು ನಂಬಬಾರದು. ಅದು ಬರೀ ಬಣ್ಣ, ಸತ್ವದ ಗುರುತಲ್ಲ.

ಸತ್ವ ತಿಳಿಯಲು ಒಂದು ಕಾಗದದ ಪಟ್ಟಿ ಸಾಕು. ಪ್ರತಿ ಆಯಿಲ್ ಬದಲಾವಣೆಯ ಹೊತ್ತಿಗೆ, ಎಂಜಿನ್ ತಣಿದ ಮೇಲೆ, ರೇಡಿಯೇಟರಿನಿಂದಲೇ ಮಾದರಿ ತೆಗೆಯಬೇಕು. ಪಕ್ಕದ ಬಾಟಲಿಯದು ಬೇಡ, ಅಲ್ಲಿಯದು ಸರಿಯಾಗಿ ಸುತ್ತು ಹಾಕಿರುವುದಿಲ್ಲ. ಪಟ್ಟಿ ಅದ್ದಿ, ಹೇಳಿದಷ್ಟು ಸೆಕೆಂಡು ಕಾದು, ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿದರೆ ಮುಗಿಯಿತು. ನೈಟ್ರೈಟ್ ಮಾತ್ರ ಇರುವ ಕೂಲೆಂಟ್‌ನಲ್ಲಿ ಸಾಮಾನ್ಯವಾಗಿ 1200 ಪಿಪಿಎಂಗೆ ಕಡಿಮೆ ಇರಬಾರದು. ಮಾಲಿಬ್ಡೇಟ್ ಜೊತೆಗಿದ್ದರೆ ಎರಡೂ ಸೇರಿ ಸುಮಾರು 800 ಸಾಕು. ಗ್ಯಾರೇಜುಗಳಲ್ಲಿ ಇಷ್ಟು ಅಗ್ಗದ, ಇಷ್ಟು ಅಲಕ್ಷ್ಯಕ್ಕೊಳಗಾದ ಪರೀಕ್ಷೆ ಇನ್ನೊಂದನ್ನು ನಾನು ಕಾಣೆ.

ಪ್ರಯೋಗಾಲಯಕ್ಕೆ ಕಳಿಸಿದ ಸಣ್ಣ ಬಾಟಲಿ ಇನ್ನೂ ಹೆಚ್ಚು ಹೇಳುತ್ತದೆ. ಕಬ್ಬಿಣ ಏರಿದ್ದರೆ ಲೈನರ್ ಅಥವಾ ಬ್ಲಾಕ್ ಮೇಲೆ ಅನುಮಾನ. ತಾಮ್ರ ಏರಿದ್ದರೆ ಆಯಿಲ್ ಕೂಲರ್ ನೋಡಬೇಕು, ಸೀಸ ಕಂಡರೆ ಹಳೆಯ ರೇಡಿಯೇಟರಿನ ಬೆಸುಗೆ. ಸಲ್ಫೇಟ್ ಹೆಚ್ಚಿ ಪಿಎಚ್ ಇಳಿದಿದೆಯೆಂದರೆ ಹೆಡ್ ಗ್ಯಾಸ್ಕೆಟ್ ಸೋರಿ ಉರಿದ ಅನಿಲ ಕೂಲೆಂಟ್‌ಗೆ ನುಗ್ಗುತ್ತಿರಬಹುದು. ಎಂಜಿನ್ ಬಿಚ್ಚದೆಯೇ ಇಷ್ಟು ಸುಳಿವು ಸಿಗುತ್ತದೆ.

ಒಂದು ಎಚ್ಚರಿಕೆ: ಹೊಸ ಬಗೆಯ ಸಾವಯವ ಆಮ್ಲದ ಕೂಲೆಂಟ್‌ಗಳಲ್ಲಿ ಎಷ್ಟೋ ಬಾರಿ ನೈಟ್ರೈಟೇ ಇರುವುದಿಲ್ಲ. ಅವಕ್ಕೆ ಬೇರೆ ಪಟ್ಟಿ. ಸೊನ್ನೆ ಕಂಡು ಗಾಬರಿಬಿದ್ದು, ನೈಟ್ರೈಟ್ ಏರಿಸಲೆಂದು ಸಿಕ್ಕ ಅಡಿಟಿವ್ ಸುರಿಯಬಾರದು. ಹಳೆಯ ಬಗೆಯದಕ್ಕೂ ಅಂದಾಜಿನ ಮೇಲೆ ಹಾಕುವುದು ಸಲ್ಲ. ಅತಿಯಾದರೆ ಅದೇ ಗಸಿಯಾಗಿ ರೇಡಿಯೇಟರಿನ ಕೊಳವೆಗಳನ್ನು ಕಟ್ಟುತ್ತದೆ. ಹಾಗಾಗಿದ್ದರೆ ಒಂದಿಷ್ಟು ಕೂಲೆಂಟ್ ಇಳಿಸಿ, ಅಡಿಟಿವ್ ಇಲ್ಲದ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಮಿಶ್ರಣ ತುಂಬಿ, ಎಂಜಿನ್ ಓಡಿಸಿ, ತಣಿದ ಮೇಲೆ ಇನ್ನೊಮ್ಮೆ ಪಟ್ಟಿ ಅದ್ದಬೇಕು.