ಭಾನುವಾರದ ತಿಂಡಿ, ಮನೆಮಂದಿಯೊಡನೆ

ವಾರದ ದಿನಗಳಲ್ಲಿ ತಂದೆ ಒಂದು ಹೊತ್ತಿಗೆ, ತಾಯಿ ಇನ್ನೊಂದು ಹೊತ್ತಿಗೆ, ಮಕ್ಕಳು ಶಾಲೆಯ ವಾಹನ ಬರುವ ಮುನ್ನ, ಅಜ್ಜಿ ತಮ್ಮ ಪೂಜೆ ಮುಗಿದ ಮೇಲೆ, ಹೀಗೆ ನಾಲ್ವರು ನಾಲ್ಕು ವೇಳೆಯಲ್ಲಿ ತಿಂಡಿ ತಿಂದು ಚದುರಿಹೋಗುವ ಬೆಂಗಳೂರಿನ ಮನೆಗಳಲ್ಲಿ, ಭಾನುವಾರ ಬೆಳಗ್ಗೆ ಎಲ್ಲರೂ ಕೂಡಿ ಹೊರಟು, ಒಳ್ಳೆಯದೊಂದು ಉಪಾಹಾರ ಮಂದಿರದಲ್ಲಿ ಒಂದೇ ಮೇಜಿನ ಸುತ್ತ ಕುಳಿತು, ಆತುರವಿಲ್ಲದೆ ತಿಂದು ಮಾತಾಡಿಕೊಂಡು ಬರುವ ಪದ್ಧತಿಯು ಬೇರೂರಿರುವುದು ಸಂತೋಷದ ಸಂಗತಿ. ಆದರೆ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಬಂದೊಡನೆ ನಾವು ವಿಚಾರಿಸುವುದು ಸಾಮಾನ್ಯವಾಗಿ ತಿನಿಸಿನ ಕೀರ್ತಿಯನ್ನು: ಯಾವ ಹೋಟೆಲಿನ ದೋಸೆ ಗರಿಗರಿ, ಯಾವುದರ ಕಾಫಿ ಗಟ್ಟಿ ಎಂದು. ಈ ವಿಚಾರಣೆ ತಪ್ಪಲ್ಲವಾದರೂ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದುಂಟು. ಮನೆಯ ಅತ್ಯಂತ ಹಿರಿಯ ಜೀವವೂ ಅತ್ಯಂತ ಕಿರಿಯ ಜೀವವೂ ಆ ಸ್ಥಳದಲ್ಲಿ ಒಂದು ಗಂಟೆಯ ಕಾಲ ಕ್ಲೇಶವಿಲ್ಲದೆ ಕುಳಿತಿರಬಲ್ಲರೇ ಎಂಬುದೇ ಆ ಪ್ರಶ್ನೆ. ನಡುವಯಸ್ಸಿನವರು ಎಲ್ಲಿಯಾದರೂ ಹೊಂದಿಕೊಂಡಾರು. ಈ ಇಬ್ಬರಿಗೆ ಒಗ್ಗದ ಸ್ಥಳ, ಅದರ ದೋಸೆ ಎಷ್ಟೇ ಪ್ರಸಿದ್ಧವಾದರೂ, ಕುಟುಂಬಕ್ಕೆ ಒಗ್ಗುವುದಿಲ್ಲ.

ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟಗಳನ್ನು ಒಂದುಗೂಡಿಸಿ, ಭಾನುವಾರ ಹೊತ್ತೇರಿದ ಮೇಲೆ ಉಣ್ಣುವ ಬ್ರಂಚ್ ಎಂಬ ಪದ್ಧತಿಯನ್ನು ಇಂಗ್ಲೆಂಡಿನ ಗೈ ಬೆರಿಂಜರ್ ಎಂಬ ಲೇಖಕನು 1895ರಲ್ಲಿ ಪತ್ರಿಕೆಯೊಂದರಲ್ಲಿ ವಾದಪೂರ್ವಕವಾಗಿ ಸಮರ್ಥಿಸಿದ್ದನು. ಚರ್ಚಿನಿಂದ ಮರಳಿದ ಬಳಿಕ ಭಾರಿ ಊಟಕ್ಕೆ ಕೂರುವುದಕ್ಕಿಂತ, ನಡುಹಗಲಿನ ಹೊತ್ತಿಗೆ ಕಾಫಿ ಚಹಗಳಿಂದ ಆರಂಭವಾಗುವ ಹಗುರವಾದ ಆಹಾರವೂ ಸಲ್ಲಾಪವೂ ಮನಸ್ಸಿಗೆ ಹಿತವೆಂಬುದು ಆತನ ಅಭಿಪ್ರಾಯ. ನಮ್ಮ ಮನೆಗಳಿಗೆ ಇದೇನೂ ಅಪರಿಚಿತವಲ್ಲ. ಭಾನುವಾರ ಎಣ್ಣೆಸ್ನಾನ ಮುಗಿಸಿ, ಹತ್ತು ಗಂಟೆಗೆ ಹೊಟ್ಟೆ ತುಂಬ ದೋಸೆ ತಿಂದು, ಊಟವನ್ನು ಮೂರು ಗಂಟೆಗೆ ತಳ್ಳುವ ವಾಡಿಕೆಯನ್ನು ಕಾಣದ ಕನ್ನಡ ಮನೆ ಅಪರೂಪ. ಈಗ ಆ ದೋಸೆಯ ಕಾವಲಿಯ ಮುಂದೆ ಮನೆಯೊಡತಿ ನಿಂತಿರಬೇಕಾಗಿಲ್ಲವೆಂಬುದಷ್ಟೇ ವ್ಯತ್ಯಾಸ. ಮತ್ತು ಅದು ಸಣ್ಣ ವ್ಯತ್ಯಾಸವಲ್ಲ.

ಹೋಟೆಲಿಗೂ ಕುಟುಂಬಕ್ಕೂ ಈ ಸ್ನೇಹ ಬೆಳೆದದ್ದು ನಿಧಾನವಾಗಿ. ಹಿಂದಿನ ತಲೆಮಾರುಗಳಲ್ಲಿ, ಹೊರಗೆ ತಿನ್ನುವುದೆಂದರೆ ಊರು ಬಿಟ್ಟು ಬಂದ ಗುಮಾಸ್ತರಿಗೂ ವಿದ್ಯಾರ್ಥಿಗಳಿಗೂ ಒದಗಿದ ಅನಿವಾರ್ಯವೆಂದೇ ಗೃಹಸ್ಥರು ಭಾವಿಸುತ್ತಿದ್ದರು. ಉಡುಪಿ ಸೀಮೆಯಿಂದ ಬಂದ ಅಡುಗೆಯವರು, ಶುಚಿಯಲ್ಲಿಯೂ ಆಚಾರದಲ್ಲಿಯೂ ಮನೆಯ ಅಡುಗೆಮನೆಗೆ ಕಡಮೆಯಿಲ್ಲವೆಂಬ ವಿಶ್ವಾಸವನ್ನು ಜನರಲ್ಲಿ ಹುಟ್ಟಿಸಿದ ಮೇಲೆಯೇ ಹೆಂಗಸರು ಮಕ್ಕಳು ಹೋಟೆಲಿನ ಮೆಟ್ಟಿಲನ್ನು ಹತ್ತಿದರು. ಹತ್ತಿದರೂ ಬಹುಕಾಲ ಅವರಿಗೆ ದೊರೆತದ್ದು ‘ಫ್ಯಾಮಿಲಿ ರೂಮ್’ ಎಂಬ ಫಲಕ ಹೊತ್ತ, ಪರದೆಯನ್ನೋ ಅರೆಬಾಗಿಲನ್ನೋ ಇಟ್ಟ ಒಳಕೋಣೆ. ಆ ಕೋಣೆಗಳಲ್ಲಿ ಗಾಳಿ ಕಡಮೆ, ಬೆಳಕು ಕಡಮೆ. ಆದರೂ ಮದುವೆಯಾದ ಹೊಸತರಲ್ಲಿ ಗಂಡನೊಡನೆ ಅಲ್ಲಿ ಕುಳಿತು ತಿಂದ ಮಸಾಲೆ ದೋಸೆಯನ್ನು ಎಂಬತ್ತರ ವಯಸ್ಸಿನಲ್ಲಿಯೂ ನೆನೆಯುವ ಅಜ್ಜಿಯರನ್ನು ನಾನು ಬಲ್ಲೆ. ಇಂದು ಪರದೆ ಹೋಗಿದೆ. ಮನೆಮಂದಿಯೆಲ್ಲ ನಡುಸಾಲೆಯಲ್ಲಿಯೇ ಕುಳಿತಿದ್ದಾರೆ.

ಆ ವಿಶ್ವಾಸವನ್ನು ಗಳಿಸಿದವರಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಲ್ಲರ ಬಾಯಿಯ ಎಂಟಿಆರ್, ಮೊದಲು ನೆನೆಯಬೇಕಾದದ್ದು. ಉಡುಪಿಯ ಕಡೆಯ ಮಯ್ಯ ಸಹೋದರರು 1924ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿನ ಪ್ರವಾಸ ಮಾಡಿ, ಅಲ್ಲಿನ ಉಪಾಹಾರ ಗೃಹಗಳ ನೈರ್ಮಲ್ಯವನ್ನು ಕಣ್ಣಾರೆ ಕಂಡು ಬಂದು, ಪಾತ್ರೆಗಳನ್ನು ಕುದಿನೀರಿನ ಶಾಖದಿಂದ ಶುದ್ಧಿಗೊಳಿಸುವ ಕ್ರಮವನ್ನು ತಮ್ಮಲ್ಲಿ ತಂದರಲ್ಲದೆ, ಗಿರಾಕಿಗಳು ಅಡುಗೆಮನೆಯನ್ನು ಪ್ರತ್ಯಕ್ಷವಾಗಿ ನೋಡಲೆಂದು ಆಶಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆ ಇಡ್ಲಿಯನ್ನು ರೂಪಿಸಿದ ಕೀರ್ತಿಯೂ ಈ ಸಂಸ್ಥೆಗೆ ಸಲ್ಲುತ್ತದೆ. ಮೆತ್ತಗಿರುವುದರಿಂದ ಹಲ್ಲಿಲ್ಲದ ತಾತನಿಗೂ, ಖಾರ ಕಡಮೆಯಾದುದರಿಂದ ಮೂರು ವರ್ಷದ ಮೊಮ್ಮಗನಿಗೂ ಸಮಾನವಾಗಿ ಒಪ್ಪುವ ತಿನಿಸು ಅದು. ನಡುವೆ ಸಿಗುವ ಗೋಡಂಬಿಯನ್ನು ಮಾತ್ರ ಮಗುವಿಗಾಗಿ ಬಿಡಿಸಿ ಇಡಬೇಕು. ಭಾನುವಾರವಾದರೆ ಚಂದ್ರಹಾರವೆಂಬ ಸಿಹಿಯನ್ನೂ ಕೇಳಬಹುದು.

ಆದರೆ ಎಂಟಿಆರ್‌ಗೆ ಹೊರಡುವವರು ತಿಳಿದಿರಬೇಕಾದ ಒಂದು ಸೂಕ್ಷ್ಮವುಂಟು. ಹಳೆಯ ಸಂಪ್ರದಾಯದ ಅನೇಕ ಹೋಟೆಲುಗಳಿಗೂ ಅದು ಅನ್ವಯಿಸುತ್ತದೆ. ತಿಂಡಿಯ ಹೊತ್ತು ಹನ್ನೊಂದರ ಸುಮಾರಿಗೆ ಮುಗಿಯುತ್ತದೆ, ಊಟದ ಹೊತ್ತು ಹನ್ನೆರಡೂವರೆಯ ಸುಮಾರಿಗೆ ತೊಡಗುತ್ತದೆ. ರಜೆಯ ದಿನವೆಂದು ನಿಧಾನವಾಗಿ ಎದ್ದು, ಹನ್ನೊಂದೂವರೆಗೆ ಹಸಿದ ಮಕ್ಕಳನ್ನು ಕಟ್ಟಿಕೊಂಡು ಬಂದವರು ಈ ಎರಡರ ನಡುವಿನ ಬರಿಹೊತ್ತಿನಲ್ಲಿ ಸಿಕ್ಕಿ, ದೋಸೆಯೂ ಇಲ್ಲದೆ ಅನ್ನವೂ ಇಲ್ಲದೆ ಬಾಗಿಲಲ್ಲಿ ನಿಲ್ಲುವುದು ಸಾಮಾನ್ಯ ದೃಶ್ಯ. ಒಂಬತ್ತರಿಂದ ಹತ್ತೂವರೆಯವರೆಗೆ ಜನಸಂದಣಿ ವಿಪರೀತ; ಹೆಸರು ಬರೆಸಿ ಕಾಯಬೇಕು. ಎಂಟಕ್ಕೆ ಮುಂಚೆ ಹೋದರೆ ಕಾಯುವ ಕಷ್ಟ ಬಹಳ ಮಟ್ಟಿಗೆ ತಪ್ಪುತ್ತದೆ. ಬೇಗ ಏಳುವ ಶಿಕ್ಷೆಗೆ ಪ್ರತಿಯಾಗಿ ಪಕ್ಕದಲ್ಲಿಯೇ ಲಾಲ್‌ಬಾಗ್ ಎಂಬ ಮಹಾ ಬಹುಮಾನವಿದೆ. ಹೈದರಾಲಿ ಆರಂಭಿಸಿದ ಆ ಉದ್ಯಾನದಲ್ಲಿ 1889ರ ಗಾಜಿನ ಮನೆಯೂ, ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸಿನ ಬಂಡೆಯೂ ಇವೆ. ಮಕ್ಕಳು ಆ ಬಂಡೆಯ ಮೇಲೆ ಓಡಿ ಹತ್ತಿ ಇಳಿದರೆ ತಿಂದ ಖಾರಾಬಾತ್ ಜೀರ್ಣವಾಗುವುದು ನಿಶ್ಚಯ. ನಡೆಯಬಲ್ಲ ಕುಟುಂಬಕ್ಕೆ ನಾನು ಹೇಳುವ ದಾರಿ ಇದು: ಮೆಟ್ರೊದ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು, ಪಶ್ಚಿಮದ ಬಾಗಿಲಿನಿಂದ ತೋಟವನ್ನು ಹೊಕ್ಕು, ಗಾಜಿನ ಮನೆಯ ಬಳಿ ಹಾದು ಮುಖ್ಯದ್ವಾರದಿಂದ ಹೊರಬಿದ್ದರೆ ಹೋಟೆಲು ಸಮೀಪದಲ್ಲಿಯೇ ಸಿಗುತ್ತದೆ. ಮಂಡಿನೋವಿನ ಹಿರಿಯರಿದ್ದಲ್ಲಿ ಅವರನ್ನು ಆಟೊದಲ್ಲಿ ನೇರವಾಗಿ ಬಾಗಿಲಿಗೆ ಇಳಿಸುವುದು ಲೇಸು. ಕಾರು ತೆಗೆದುಕೊಂಡು ಹೋಗಿ ನಿಲ್ಲಿಸಲು ಜಾಗ ಹುಡುಕುತ್ತ ಸುತ್ತುವುದು ಬೆಳಗಿನ ಪ್ರಸನ್ನತೆಯನ್ನೆಲ್ಲ ಕದಡುವ ಕೆಲಸ.

ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಿಂದ ನಡೆದುಬಂದದ್ದು. ಹೆಸರು ವಿದ್ಯಾರ್ಥಿಗಳದಾದರೂ ಈಗ ಮೂರು ತಲೆಮಾರುಗಳು ಒಟ್ಟಿಗೆ ಬರುವ ಸ್ಥಳ. ತೋಳಿನುದ್ದಕ್ಕೂ ತಟ್ಟೆಯ ಮೇಲೆ ತಟ್ಟೆ ಏರಿಸಿಕೊಂಡು, ಕಿಕ್ಕಿರಿದ ಮೇಜುಗಳ ನಡುವೆ ಒಂದು ದೋಸೆಯ ಅಂಚೂ ಅಲುಗದಂತೆ ನಡೆದುಬರುವ ಮಾಣಿಯನ್ನು ಬಾಯಿ ತೆರೆದು ನೋಡದ ಮಗುವಿಲ್ಲ. ಗೋಡೆಗಳ ಮೇಲೆ ಕನ್ನಡದ ಮಹನೀಯರ ರೇಖಾಚಿತ್ರಗಳಿವೆ. ದೋಸೆ ಬರುವವರೆಗಿನ ಕಾಲದಲ್ಲಿ ಇವರು ಯಾರು, ಅವರು ಯಾರು ಎಂದು ತಾತ ಮೊಮ್ಮಗಳಿಗೆ ಹೇಳುತ್ತ ಹೋದರೆ ಕಾಯುವ ಬೇಸರವೇ ತಿಳಿಯದು. ಸ್ಥಳ ಇಕ್ಕಟ್ಟು, ಕಾಯುವವರು ನಿಮ್ಮ ಬೆನ್ನಿಗೇ ನಿಂತಿರುತ್ತಾರೆ, ಸಾವಕಾಶವಾಗಿ ಹರಟುತ್ತ ಕೂರುವುದು ಅಲ್ಲಿ ಧರ್ಮವಲ್ಲ. ಆದುದರಿಂದ ತಿನ್ನುವುದನ್ನು ಅಲ್ಲಿ ಮುಗಿಸಿ, ಮಾತಿಗೆ ಬಸವನಗುಡಿಯ ಕಹಳೆ ಬಂಡೆಯ ತೋಟವನ್ನು ಆರಿಸಿಕೊಳ್ಳುವುದು ಸರಿ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನ ಇಡ್ಲಿ ಚಟ್ನಿಯನ್ನಾಗಲಿ, ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನ ಇಡ್ಲಿಯನ್ನಾಗಲಿ ನಾನು ಯಾರಿಗೂ ಕಡಮೆಯಾಗಿ ಪ್ರೀತಿಸುವವನಲ್ಲ. ಆದರೆ ಇವು ನಿಂತು ತಿನ್ನುವ ಸ್ಥಳಗಳು. ತಟ್ಟೆಯನ್ನು ಒಂದು ಕೈಯಲ್ಲಿ, ಮಗುವನ್ನು ಇನ್ನೊಂದು ಕೈಯಲ್ಲಿ ಹಿಡಿದ ತಾಯಿಗೆ ಮೂರನೆಯ ಕೈಯಿಲ್ಲ. ನಗರದ ತುಂಬ ಹಬ್ಬಿರುವ ದರ್ಶಿನಿಗಳಿಗೂ ಇದೇ ಮಾತು. ಅವು ಅವಸರದ ದಿನಗಳ ಉಪಕಾರಿಗಳು, ಭಾನುವಾರಕ್ಕೆ ಉಚಿತವಲ್ಲ.

ದಂಡುಪ್ರದೇಶದ ಕಡೆಯ ಆಯ್ಕೆ ಬೇರೆ ಬಗೆಯದು. ಲ್ಯಾವೆಲ್ ರಸ್ತೆಯ ಬಳಿಯ ಏರ್‌ಲೈನ್ಸ್ ಹೋಟೆಲಿನಲ್ಲಿ ದೊಡ್ಡ ಮರಗಳ ನೆರಳಿನಲ್ಲಿ ಬಯಲಿನಲ್ಲಿಯೇ ಕೂರಬಹುದು; ಗಾಲಿಕುರ್ಚಿಯ ಹಿರಿಯರಿಗೂ, ಒಂದೆಡೆ ಕೂರಲಾರದ ಮಕ್ಕಳಿಗೂ ಅಂಥ ಬಯಲು ಎಷ್ಟು ದೊಡ್ಡ ಉಪಕಾರವೆಂಬುದನ್ನು ಅನುಭವಿಸಿದವರೇ ಬಲ್ಲರು. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಲ್ಲಿ ಭಾನುವಾರದ ಅಪ್ಪಂ ಮತ್ತು ಸ್ಟ್ಯೂ ತಿನ್ನಲು ಬರುವ ಕುಟುಂಬಗಳು ಅನೇಕ. ಅಲ್ಲಿ ಯಾರೂ ನಿಮ್ಮನ್ನು ಎಬ್ಬಿಸುವುದಿಲ್ಲ. ಎರಡಕ್ಕೂ ಕಬ್ಬನ್ ಪಾರ್ಕ್ ಹತ್ತಿರ. ಭಾನುವಾರ ಅದರ ಒಳರಸ್ತೆಗಳಲ್ಲಿ ವಾಹನ ಸಂಚಾರವಿಲ್ಲದ ಕಾರಣ ಮಕ್ಕಳ ಕೈಬಿಟ್ಟು ನಡೆಯಬಹುದು.

ಇನ್ನು ದೊಡ್ಡ ತಾರಾ ಹೋಟೆಲುಗಳ ಬ್ರಂಚ್. ನಡುಹಗಲಿಗೆ ಆರಂಭವಾಗಿ ಮೂರು ಗಂಟೆಯ ಆಚೆಗೂ ನಡೆಯುವ, ತಲೆಗಿಷ್ಟೆಂದು ಹಣ ಕೊಟ್ಟು ಬೇಕಾದಷ್ಟು ಬಡಿಸಿಕೊಳ್ಳುವ ಈ ಭೋಜನದಲ್ಲಿ ವೈಭವವಿದೆ. ಚಿಕ್ಕ ಮಕ್ಕಳಿಗೆ ರಿಯಾಯಿತಿಯನ್ನೂ, ಆಟದ ಮೂಲೆಯನ್ನೂ ಇಟ್ಟಿರುವವರುಂಟು. ಆದರೆ ಒಂದು ಇಡ್ಲಿಯನ್ನು ಮಾತ್ರ ಮೆಲ್ಲುವ ಅಜ್ಜಿಗೂ ಪೂರ್ಣದರ ಕೊಡಬೇಕಾಗುವುದರಿಂದ ಅವರ ಮನಸ್ಸಿಗೆ ಅದು ನೆಮ್ಮದಿ ತರುವುದಿಲ್ಲ. ‘ಇಷ್ಟು ದುಡ್ಡಿಗೆ ಇಷ್ಟೇನಾ ನಾನು ತಿಂದಿದ್ದು?’ ಎಂಬ ಅವರ ಕೊರಗು ಸಂಜೆಯವರೆಗೂ ಮನೆಯಲ್ಲಿ ಕೇಳಿಬರುತ್ತದೆ. ಆರೋಗ್ಯದ ದೃಷ್ಟಿಯಿಂದಲೂ ಎಚ್ಚರ ಅಗತ್ಯ. ಬೇಯಿಸಿದ ಪದಾರ್ಥ ಎರಡು ಗಂಟೆಗೂ ಹೆಚ್ಚು ಕಾಲ ಕೋಣೆಯ ಉಷ್ಣತೆಯಲ್ಲಿ ಇರಕೂಡದೆಂಬುದೂ, ಬಿಸಿಯಾಗಿ ಇಡುವುದಾದರೆ 60 ಡಿಗ್ರಿಗಿಂತ ಮೇಲೆಯೇ ಇರಬೇಕೆಂಬುದೂ ವಿಶ್ವ ಆರೋಗ್ಯ ಸಂಸ್ಥೆಯ ನಿರ್ದೇಶ. ಮಕ್ಕಳಿಗೆ ಬಡಿಸುವ ಮುನ್ನ ಪಾತ್ರೆಯಿಂದ ಹಬೆ ಏಳುತ್ತಿದೆಯೇ ಎಂದು ನೋಡುವುದೂ, ಸಾಧ್ಯವಾದರೆ ಕಣ್ಣೆದುರಿಗೇ ಹೊಯ್ದುಕೊಡುವ ದೋಸೆಯನ್ನು ಆರಿಸುವುದೂ ಕ್ಷೇಮ. ಒಂದು ವರ್ಷ ತುಂಬದ ಕೂಸಿಗೆ ಜೇನು ಸವರಿದ ಯಾವ ಸಿಹಿಯನ್ನೂ ಕೊಡಲಾಗದು.

ಎಲ್ಲಕ್ಕಿಂತ ಹೆಚ್ಚಾಗಿ ಕುಟುಂಬದ ಹೋಟೆಲನ್ನು ಕುಟುಂಬದ್ದನ್ನಾಗಿ ಮಾಡುವವರು ಬಡಿಸುವವರೇ ಎಂಬುದು ನನ್ನ ದೃಢವಾದ ನಂಬಿಕೆ. ಬಸವನಗುಡಿಯ ಹೋಟೆಲೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಪಕ್ಕದ ಮೇಜಿಗೆ ವೃದ್ಧೆಯೊಬ್ಬರು ಮಗ ಸೊಸೆಯರೊಡನೆ, ನಾಲ್ಕರ ಪ್ರಾಯದ ಹುಡುಗನೊಡನೆ ಬಂದು ಕುಳಿತರು. ನರೆತ ಮೀಸೆಯ ಮಾಣಿ ಆಜ್ಞೆಯನ್ನು ಕೇಳುವ ಮೊದಲೇ ಬೆಂಚಿನ ತುದಿಯನ್ನು ಹೊರಕ್ಕೆ ಎಳೆದು ಆಕೆಗೆ ಕಾಲು ಚಾಚಲು ಎಡೆ ಮಾಡಿದನು. ಹಿರಿಯರಿಗೆಲ್ಲ ಮಸಾಲೆ ಬಂದಿತು. ಹುಡುಗನ ಮುಂದೆ ಚಿಕ್ಕ ತಟ್ಟೆಯಲ್ಲಿ ಖಾಲಿ ದೋಸೆ. ‘ಪುಟ್ಟನಿಗೆ ಖಾರ ಇಲ್ಲಮ್ಮ, ಬೆಣ್ಣೆ ಮಾತ್ರ ಹಾಕಿಸಿದೀನಿ’ ಎಂದು ಹೇಳಿ, ಬಾದಾಮಿ ಹಾಲನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಸುರಿದು ಆರಿಸಿ, ಬೆರಳಿನಿಂದ ಲೋಟದ ಹೊರಮೈಯ ಬಿಸಿಯನ್ನು ಪರೀಕ್ಷಿಸಿದ ಮೇಲೆಯೇ ಹುಡುಗನ ಕೈಗೆ ಕೊಟ್ಟನು. ವೃದ್ಧೆ ತಮ್ಮ ಕಾಫಿಯನ್ನು ಸೊಸೆಯೊಡನೆ ಬೈ ಟು ಮಾಡಿಕೊಂಡರು. ಆತನು ಎರಡು ಲೋಟಗಳಿಗೂ ನೊರೆ ಸಮನಾಗಿ ಬರುವಂತೆ ಹಂಚಿದನು. ಇಂಥ ಉಪಚಾರವಿರುವ ಕಡೆ ಗೋಡೆಯ ಬಣ್ಣ ಮಾಸಿದ್ದರೂ ಚಿಂತೆಯಿಲ್ಲ.

ಉಪಚಾರದ ಜೊತೆಗೆ ಕಟ್ಟಡವನ್ನೂ ಗಮನಿಸಬೇಕು. ಮೆಟ್ಟಿಲುಗಳೆಷ್ಟು, ಶೌಚಾಲಯ ಅದೇ ಅಂತಸ್ತಿನಲ್ಲಿದೆಯೇ, ಅಲ್ಲಿ ಕುಳಿತು ಏಳಲು ಅನುಕೂಲವಾದ ಕಮೋಡ್ ಉಂಟೇ, ನೆಲ ಒದ್ದೆಯಾಗಿ ಜಾರುವುದಿಲ್ಲವೇ ಎಂಬ ವಿಷಯಗಳನ್ನು ಮುಂಚಿತವಾಗಿ ವಿಚಾರಿಸಲು ನಾವು ಸಂಕೋಚಪಡುತ್ತೇವೆ. ಇದಕ್ಕಾಗಿಯೇ ನೀರು ಕುಡಿಯದೆ ಹೊರಡುವ ಹಿರಿಯರು ಎಷ್ಟೋ ಮಂದಿ. ಸಂಗೀತದ ಅಬ್ಬರವಿರುವೆಡೆ ಕಿವಿ ಮಂದವಾದವರು ಮಾತಿನಿಂದ ಹೊರಗುಳಿಯುತ್ತಾರೆ. ಇಂದಿರಾನಗರ ಕೋರಮಂಗಲಗಳ ಪಾನಗೃಹಗಳು ಏರ್ಪಡಿಸುವ ಬ್ರಂಚ್‌ಗಳನ್ನು ತರುಣ ಮಿತ್ರರಿಗೆ ಬಿಟ್ಟುಕೊಡುವುದಕ್ಕೆ ಇದೊಂದೇ ಕಾರಣ ಸಾಕು.

ಲೆಕ್ಕದ ಮಾತೂ ಒಂದಿದೆ. ಬಿಲ್ಲಿನಲ್ಲಿ ಸೇವಾಶುಲ್ಕವೆಂದು ಸೇರಿಸಿದ ಹಣವನ್ನು ಕೊಡುವುದು ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಇದನ್ನು ಸ್ಪಷ್ಟಪಡಿಸಿತು, ದೆಹಲಿಯ ಉಚ್ಚ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ತೆಗೆದುಹಾಕಿರೆಂದು ಸೌಮ್ಯವಾಗಿ ಕೇಳಿ, ಅದರಲ್ಲಿ ಒಂದು ಭಾಗವನ್ನು ಹಾಲು ಆರಿಸಿಕೊಟ್ಟವನ ಕೈಗೇ ಇಟ್ಟು ಬರುವುದು ನ್ಯಾಯವೂ ಹೌದು, ಮಕ್ಕಳು ನೋಡಿ ಕಲಿಯಬೇಕಾದದ್ದೂ ಹೌದು.

ಮುಂದಿನ ಭಾನುವಾರ ಹೊರಡುವ ಮುನ್ನ ಹೋಟೆಲಿಗೆ ಒಮ್ಮೆ ದೂರವಾಣಿ ಮಾಡಿ, ತಿಂಡಿ ಎಷ್ಟು ಹೊತ್ತಿನವರೆಗೆ, ಮೆಟ್ಟಿಲು ಹತ್ತಬೇಕೇ ಎಂದು ಕೇಳಿರಿ. ಹೋಗುವ ಸ್ಥಳವನ್ನು ಮನೆಯ ಹಿರಿಯರ ಬಾಯಿಂದಲೇ ಹೇಳಿಸಿರಿ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಮಾವಳ್ಳಿಯ ಎಂಟಿಆರ್‌ಗೆ ಸೋಮವಾರ ವಾರದ ರಜೆ. ಭಾನುವಾರ ಎರಡೂ ತೆರೆದಿರುತ್ತವೆ.